ಕಾಳಿ ಹೊಳೆಯವರು ತ್ರಿಶೂಲಿಗೆ ಹೋದದ್ದು

ಹಳಿಯಾಳ

ನೇಪಾಳಕ್ಕೆ ಹೋಗಿ ಬಂದೆ ಎಂದರೆ ನಮ್ಮ ಕಡೆ ಮೊದಲು ಕೇಳುವುದು ಪಶುಪತಿನಾಥನ ದರ್ಶನ ಆಯಿತೇ ಎಂದು. ನಾನು ಕ್ರಿಶ್ಚಿಯನ್ ಸಿದ್ದಿ, ಜೊತೆಗೆ ಬಂದ ಇಮ್ತಿಯಾಜ್ ದಾಂಡೇಲಿಯ ಗ್ಯಾರೇಜಿನವರ ಮಗ. ಇಬ್ಬರಿಗೂ ದರ್ಶನ ಆಗಲಿಲ್ಲ. ಆಮೇಲೆ ಕೇಳುವುದು ಹಿಮಾಲಯ ಕಂಡಿತೇ ಎಂದು. ಅದೂ ಇಲ್ಲ, ಮೋಡ ಮುಚ್ಚಿತ್ತು. ನಾವು ಹೋದದ್ದು ಪರೀಕ್ಷೆ ಬರೆಯಲಿಕ್ಕೆ.

ಕಾಳಿ ಹೊಳೆಯಲ್ಲಿ ಪ್ರವಾಸಿಗರನ್ನು ರಾಫ್ಟಿನಲ್ಲಿ, ಎಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ, ಕೂರಿಸಿಕೊಂಡು ಹೋಗುವುದು ನಮ್ಮ ಕೆಲಸ. ನಾನು ಈ ಕೆಲಸಕ್ಕೆ ಸೇರಿದಾಗ ಇಮ್ತಿಯಾಜ್ ಇನ್ನೂ ಶಾಲೆಯ ಚಡ್ಡಿಯಲ್ಲಿದ್ದ. ಈಗ ಇಬ್ಬರೂ ಗೈಡುಗಳು. ಗೈಡಿನ ಮೇಲೆ ಟ್ರಿಪ್ ಲೀಡರ್ ಎಂಬ ಪದವಿಯೊಂದಿದೆ. ಎಲ್ಲ ದೋಣಿಗಳ ಹೊಣೆ ಅವನ ತಲೆಯ ಮೇಲೆ, ಉಳಿದವರು ಅವನು ಹೇಳಿದಂತೆ ಕೇಳಬೇಕು. ನಮ್ಮ ಕ್ಯಾಂಪಿಗೆ ಲೀಡರುಗಳು ಯಾವಾಗಲೂ ಹೊರಗಿನಿಂದ ಬರುತ್ತಿದ್ದರು. ಈ ಸಲ ಮಾಲೀಕರು ನಮ್ಮಿಬ್ಬರನ್ನೂ ಕರೆದು, "ನಿಮ್ಮೊಳಗ ಯಾರು ಸರ್ಟಿಫಿಕೇಟ್ ತರ್ತೀರಿ, ಅವ್ರ ಲೀಡರ್. ಇಬ್ರೂ ತಂದ್ರ ಅಕ್ಕ ಹಿರ್ಯಾಕಿ, ಆಕಿ" ಎಂದರು. ಹಾಗಾಗಿ ನಾನು ಪಾಸಾದರೆ ಸಾಕಿತ್ತು. ಆ ಪದವಿಯ ಮೇಲೆ ನನಗೆ ಆಸೆ ಇತ್ತು, ಬಹಳವೇ ಇತ್ತು.

ಪರೀಕ್ಷೆಗೆ ನೇಪಾಳವೇ ಯಾಕೆಂದರೆ ನಮಗೆಲ್ಲ ಈ ವಿದ್ಯೆ ಕಲಿಸಿದವರು ಅಲ್ಲಿಯವರು. ಅವರ ಹೆಸರು ಯಾರೂ ಹಿಡಿಯುತ್ತಿರಲಿಲ್ಲ, ದಾಯಿ ಎಂದೇ ಕರೆಯುತ್ತಿದ್ದೆವು. ಅವರ ಭಾಷೆಯಲ್ಲಿ ಅಣ್ಣ ಎಂದರ್ಥ. ಬಹಳ ವರ್ಷ ದಾಂಡೇಲಿಯಲ್ಲಿದ್ದು, ಮೊಣಕಾಲು ಸೋತ ಮೇಲೆ ಊರಿಗೆ ಹೋದರು. ಅವರಿಗೆಂದು ನಾನು ಹಳಿಯಾಳದ ಸಂತೆಯಲ್ಲಿ ಬೆಲ್ಲ ಕಟ್ಟಿಸಿಕೊಂಡೆ.

ನೀರಿನ ಭಯ ನನಗಿಲ್ಲ. ಇದ್ದದ್ದು ಇಂಗ್ಲಿಷಿನ ಭಯ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಹತ್ತನೆಯ ತನಕ. ನೇಪಾಳದವರು ಕಳಿಸಿದ ಪುಸ್ತಿಕೆಯಲ್ಲಿ ದೋಣಿ ನಡೆಸುವುದಕ್ಕೆ ಇರುವುದು ಒಂದೇ ಮಾತೇ? ಗೈಡ್, ಲೀಡ್, ಸ್ಟೀರ್, ಡ್ರೈವ್, ಫೆರಿ, ಒಂದೊಂದಕ್ಕೂ ಒಂದೊಂದು ಪುಟ. ಇಂಥವೆಲ್ಲ ನಮ್ಮೂರಿಗೆ ಎಂದೋ ಬಂದ ಪದಗಳೇ. ಆದರೆ ಬಂದವು ಬೇರೆ ಕೆಲಸ ನೋಡಿಕೊಂಡಿವೆ. ಶಾಲೆಯಲ್ಲಿ ಗೈಡ್ ಎಂದರೆ ಪ್ರಶ್ನೋತ್ತರದ ದಪ್ಪ ಪುಸ್ತಕ, ಮಾಸ್ತರರ ಕೈಗೆ ಸಿಕ್ಕರೆ ಏಟು. ಹಳಿಯಾಳದಲ್ಲಿ ಟ್ರಿಪ್ ಎಂದರೆ ಕಾರ್ಖಾನೆಗೆ ಹೋಗುವ ಒಂದು ಟ್ರ್ಯಾಕ್ಟರ್ ಕಬ್ಬು. ಮನೆಯಲ್ಲಿ ಟ್ರಿಪ್ ಆಯಿತೆಂದರೆ ಕರೆಂಟು ಹೋಯಿತು. ಸಾಹೇಬರು ಟೂರಿನಲ್ಲಿದ್ದಾರೆ ಎಂದರೆ ನಾಳೆ ಬಾ ಎಂದು. ಪೈಲಟ್ ಎಂದರೆ ಮಂತ್ರಿಗಳ ಕಾರಿನ ಮುಂದೆ ಕೂಗುತ್ತ ಓಡುವ ಜೀಪು. ಜರ್ನಿ ಎಂಬ ಪದವನ್ನು ನಾನು ಬಸ್ಸಿನ ಹಿಂಭಾಗದಲ್ಲಿ ಬಿಟ್ಟು ಬೇರೆಲ್ಲೂ ಕಂಡಿಲ್ಲ.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಇಮ್ತಿಯಾಜ್ ಪ್ರಶ್ನೆ ಕೇಳಲು ಶುರು ಮಾಡಿದ.

"ಅಕ್ಕಾ, ಸ್ಟೀರ್ ಅಂದ್ರ?"

"ಸ್ಟೇರಿಂಗ್ ತಿರುಗ್ಸೂದು."

"ರಾಫ್ಟಿಗೆ ಸ್ಟೇರಿಂಗ್ ಎಲ್ಲೈತಿ?"

"ನಿಮ್ಮಪ್ಪ ಗ್ಯಾರೇಜಿನಾಗ ಬಿಚ್ಚಿಟ್ಟಾನ. ಸುಮ್ನ ಮುಂದಿಂದು ಕೇಳೋ."

ಸೋನೌಲಿ

ರೈಲಿನ ವಿಷಯ ಹೇಳುವುದಿಲ್ಲ. ಹೋಗುವಷ್ಟು ದಿನ ಹೋಯಿತು, ನನ್ನ ಚಪ್ಪಲಿಯ ಒಂದು ಕಾಲು ದಾರಿಯಲ್ಲೇ ಇಳಿದುಹೋಯಿತು. ಗಡಿಯೂರು ಸೋನೌಲಿಯಲ್ಲಿ ರಸ್ತೆಗೆ ಅಡ್ಡಲಾಗಿ ನಮ್ಮದೊಂದು ಕಮಾನು, ಅದರಾಚೆ ನೇಪಾಳದ್ದು ಇನ್ನೊಂದು. ನಡುವೆ ಸೈಕಲ್ ರಿಕ್ಷಾ, ಈರುಳ್ಳಿ ಚೀಲ, ಮದುವೆಯ ದಿಬ್ಬಣ. ಪರದೇಶವೆಂದರೆ ವಿಮಾನ ಬೇಕೆಂದುಕೊಂಡಿದ್ದೆ. ಇಲ್ಲಿ ಜನ ಸೊಪ್ಪು ಹಿಡಿದುಕೊಂಡು ಪರದೇಶಕ್ಕೆ ಹೋಗುತ್ತಿದ್ದರು.

ಎಲ್ಲರನ್ನೂ ಬಿಟ್ಟ ಗಡಿ ಕಾವಲಿನ ಜವಾನ ನನ್ನನ್ನು ನಿಲ್ಲಿಸಿದ. ಪಾಸ್‌ಪೋರ್ಟ್ ಎಲ್ಲಿ, ವೀಸಾ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದ. ಎಲ್ಲಿಂದ ಬಂದೆ ಎಂದ. ನಮ್ಮೂರ ಹೆಸರು "ಕುಳಗಿ" ಎಂದೆ. ಅವನು ನನ್ನ ಗುಂಗುರು ಕೂದಲು ನೋಡಿ ಮನಸ್ಸಿನಲ್ಲೇ ಆಫ್ರಿಕಾದ ನಕಾಶೆ ಬಿಡಿಸಿ ನೋಡಿದನೆಂದು ಕಾಣುತ್ತದೆ. ಕುಳಗಿ ಅಲ್ಲೆಲ್ಲೋ ಇರಲೂಬಹುದು ಎನಿಸಿ, "ಕುಳಗಿಯ ರಾಜಧಾನಿ ಯಾವುದು?" ಎಂದ. ಇಮ್ತಿಯಾಜನಿಗೆ ನಗು ತಡೆಯಲಾಗಲಿಲ್ಲ. "ದಾಂಡೇಲಿ, ಭಾಯ್. ಇವಳು ನನ್ನ ಅಕ್ಕ" ಎಂದ. ಜವಾನ ಅವನ ಮುಖ ನೋಡಿದ, ನನ್ನ ಮುಖ ನೋಡಿದ, ಇನ್ನೂ ಗೊಂದಲಕ್ಕೆ ಬಿದ್ದ.

ಇಂಥದ್ದು ನನಗೆ ಹೊಸದಲ್ಲ. ಕ್ಯಾಂಪಿಗೆ ಬಂದ ಪ್ರವಾಸಿಗರೂ ನನ್ನೊಡನೆ ನಿಧಾನವಾಗಿ, ದೊಡ್ಡ ದನಿಯಲ್ಲಿ ಇಂಗ್ಲಿಷ್ ಆಡುತ್ತಾರೆ. ನಾನು ಕನ್ನಡದಲ್ಲಿ ಉತ್ತರ ಕೊಟ್ಟಾಗ ದೋಣಿಯೇ ಮಾತಾಡಿದಂತೆ ಬೆಚ್ಚುತ್ತಾರೆ. ಮತದಾರರ ಗುರುತಿನ ಚೀಟಿ ತೆಗೆಯುತ್ತ ಸಿಟ್ಟಿನಲ್ಲಿ, "ನಮ್ಮಜ್ಜನ ಅಜ್ಜನೂ ಅಲ್ಲೇ ಹುಟ್ಯಾನ, ಇವಂಗ ವೀಸಾ ಬೇಕಂತ" ಎಂದು ಗೊಣಗಿದೆ. ಅದು ಆಚೆ ನಿಂತಿದ್ದ ಇನ್ನೊಬ್ಬ ಜವಾನನ ಕಿವಿಗೆ ಬಿತ್ತು. ಅವನು ಬೆಳಗಾವಿ ಕಡೆಯವನು, ಓಡುತ್ತಲೇ ಬಂದ.

"ಏ ಬಿಡಪಾ, ಇವ್ರು ನಮ್ಮ ಕಡೀ ಸಿದ್ದಿ ಮಂದಿ. ಯಾವೂರ ತಂಗೀ? ಹಳಿಯಾಳ ಕಡೀನ? ಉಂಡೀರಿಲ್ಲೋ?"

ವೀಸಾ ಕೇಳಿದಾಗ ಬರದ ಕಣ್ಣೀರು ಈ 'ಉಂಡೀರಿಲ್ಲೋ' ಕೇಳಿ ಬಂತು. ಗಂಟು ಬಿಚ್ಚಿ ದಾಯಿಯ ಬೆಲ್ಲದಲ್ಲಿ ಒಂದು ಅಚ್ಚು ಅವನ ಕೈಗಿಟ್ಟೆ. ಅವನು ಅದನ್ನು ಮೂಸಿ ನೋಡಿ ಜೇಬಿಗೆ ಹಾಕಿಕೊಂಡ.

ಬೆಟ್ಟದ ಬಸ್ಸು

ಇಡೀ ನೇಪಾಳ ನಮಗಿಂತ ಕಾಲು ಗಂಟೆ ಮುಂದಿದೆ. ಇದನ್ನು ಯಾರೂ ಹೇಳಿರಲಿಲ್ಲ. ನಮ್ಮ ಗಡಿಯಾರ ನೋಡಿಕೊಂಡು ಆರಾಮವಾಗಿ ಚಹಾ ಕುಡಿಯುತ್ತಿದ್ದಾಗ ನಮ್ಮ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಇಡೀ ಗಂಟೆಯ ತಪ್ಪಾದರೆ ಒಪ್ಪಿಕೊಳ್ಳಬಹುದು, ಕಾಲು ಗಂಟೆಗೆ ಯಾರನ್ನು ಬೈಯುವುದು?

ಮುಂದಿನ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದ ಸಹಾಯಕನೊಬ್ಬನಿದ್ದ. ಅವನು ಮಾತೇ ಆಡಲಿಲ್ಲ. ಬಸ್ಸಿನ ತಗಡನ್ನು ಒಮ್ಮೆ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ನಡೆ, ಸಣ್ಣಗೆ ಬಡಿಯುತ್ತಲೇ ಇದ್ದರೆ ಹಿಂದಿನ ಗಾಲಿಯ ಬಳಿ ಪ್ರಪಾತ ಇದೆ, ನೋಡಿಕೋ. ಡ್ರೈವರು ಕನ್ನಡಿ ನೋಡದೆ ಆ ಬಡಿತ ಕೇಳಿಯೇ ಓಡಿಸುತ್ತಿದ್ದ. ನಮ್ಮಲ್ಲಿ ಕಂಡಕ್ಟರು 'ರೈಟ್' ಎಂದರೆ ಬಸ್ಸು ಎಡಕ್ಕಾದರೂ ಸರಿ, ನೇರಕ್ಕಾದರೂ ಸರಿ, ಹೊರಡುತ್ತದೆ. ಈ ಅಭ್ಯಾಸದಿಂದ ನನಗೆ ಹೊಳೆಯಲ್ಲಿ ಬಹಳ ತೊಂದರೆಯಾಗಿದೆ. ಮುಂಡಗೋಡದ ಪಾಳಾದಿಂದ ಬಂದ ತಂಡವೊಂದಕ್ಕೆ ನಾನು ಬಲಕ್ಕೆ ತಿರುಗಿಸಲು "ರೈಟ್, ರೈಟ್" ಎಂದು ಕೂಗಿದರೆ, ಅವರು ಹುಮ್ಮಸ್ಸಿನಿಂದ ಹುಟ್ಟು ಹಾಕಿ ನೇರ ಬಂಡೆಗೇ ಹೊಡೆದರು. ಹೊರಡಬೇಕೆಂದು ತಿಳಿದರಂತೆ. ಅಂದಿನಿಂದ ನಮ್ಮ ಕಡೆಯವರು ಬಂದರೆ ನಾನು ಬಲಕ್ಕೆ, ಎಡಕ್ಕೆ ಎಂದೇ ಹೇಳುತ್ತೇನೆ.

ಊಟಕ್ಕೆ ಬಸ್ಸು ನಿಂತ ಕಡೆ ಅನ್ನ, ಬೇಳೆ, ಸೊಪ್ಪು. ಬಡಿಸುವ ಹೆಂಗಸು ತಟ್ಟೆ ಖಾಲಿಯಾಗಲು ಬಿಡಲಿಲ್ಲ. ಸಾಕು ಎಂದರೂ ಹಾಕಿದಳು, ಕೈ ಅಡ್ಡ ಹಿಡಿದರೆ ಕೈಯ ಪಕ್ಕದಿಂದ ಹಾಕಿದಳು. ಇಮ್ತಿಯಾಜ್ ಬಾಯಿಯ ತುಂಬ ಅನ್ನ ಇಟ್ಟುಕೊಂಡು, "ಅಕ್ಕಾ, ಫೆರಿ ಅಂದ್ರ?" ಎಂದ. ಫೆರಿ ಎಂದರೆ ಗೋವಾದಲ್ಲಿ ಸ್ಕೂಟರು ದಾಟಿಸುವ ಹಡಗು ಎಂದೇ ನಾನು ತಿಳಿದಿದ್ದೆ. ಪುಸ್ತಿಕೆಯ ಫೆರಿ ಬೇರೆ: ಹೊಳೆ ದಾಟಬೇಕಾದರೆ ದೋಣಿಯ ಮೂತಿಯನ್ನು ಹರಿವಿಗೆ ಎದುರಾಗಿ, ಸ್ವಲ್ಪ ಓರೆಯಾಗಿ ಹಿಡಿಯುವುದು. ಮೇಲಕ್ಕೆ ಹೊರಟವರ ಹಾಗೆ ಹುಟ್ಟು ಹಾಕಿದರೆ ಹೊಳೆಯೇ ಆಚೆ ದಡಕ್ಕೆ ಒಯ್ಯುತ್ತದೆ. ಇದನ್ನು ನಾನು ದಿನಾ ಮಾಡುತ್ತಿದ್ದೆ, ಹೆಸರು ಗೊತ್ತಿರಲಿಲ್ಲ.

ತ್ರಿಶೂಲಿ, ಮೊದಲ ದಿನ

ಪರೀಕ್ಷೆ ನಡೆಯುವ ತ್ರಿಶೂಲಿ ಹೊಳೆಯ ನೀರು ಸಿಮೆಂಟು ಕಲಸಿದಂತೆ ಬೂದಿ ಬಣ್ಣ. ಕೈ ಹಾಕಿದರೆ ಬೆರಳು ಸೆಟೆಯುವಷ್ಟು ತಣ್ಣಗೆ. ಪರೀಕ್ಷಕರು ಗಿಡ್ಡಗೆ, ಗಟ್ಟಿಯಾಗಿ ಇದ್ದ ಮನುಷ್ಯ, ನಗುವುದಿಲ್ಲವೆಂದು ಮನೆಯಲ್ಲಿ ಆಣೆ ಮಾಡಿ ಬಂದವರು. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು.

ಮೊದಲು ಬಾಯಿ ಪರೀಕ್ಷೆ, ಇಂಗ್ಲಿಷಿನಲ್ಲಿ. ಲೀಡ್ ಮಾಡುವವನು ಎಲ್ಲಿ ಕೂರುತ್ತಾನೆ ಎಂದು ಕೇಳಿದರು. ಹಿಂದೆ ಎಂದೆ. ಯಾಕೆ ಎಂದರು. ಮುಂದೆ ಕೂತರೆ ನೀರು ಕಾಣುತ್ತದೆ, ಜನ ಕಾಣುವುದಿಲ್ಲ, ಹಿಂದೆ ಕೂತರೆ ಎರಡೂ ಕಾಣುತ್ತವೆ, ಹುಟ್ಟಿನಿಂದ ತಿರುಗಿಸುವುದೂ ಅಲ್ಲಿಂದಲೇ ಎಂದೆ. ಇಷ್ಟನ್ನೂ ಇಂಗ್ಲಿಷಿನಲ್ಲೇ ಹೇಳಿದೆ. ವ್ಯಾಕರಣ ಕೇಳಬೇಡಿ. ಸ್ಟೀರ್, ಡ್ರೈವ್, ಫೆರಿ ಎಲ್ಲ ಪಟಪಟ ಉದುರಿದವು. ಸರ್ ತಲೆ ಅಲ್ಲಾಡಿಸಿ ಮುಂದಿನವರನ್ನು ಕರೆದರು. ಇಮ್ತಿಯಾಜ್ ಡ್ರೈವ್ ಎಂಬಲ್ಲಿ ಎಡವಿದ, ಗ್ಯಾರೇಜಿನವನಾಗಿ ಗೇರು ಕ್ಲಚ್ಚಿನ ತನಕ ಹೋಗಿ ಬಂದ. ಆದರೂ ದಾಟಿದ. ಗೆದ್ದೆ ಎಂದುಕೊಂಡು ಮಲಗಿದೆ.

ತ್ರಿಶೂಲಿ, ಎರಡನೆಯ ದಿನ

ಮರುದಿನ ಹೊಳೆಯ ಮೇಲೆ ಪರೀಕ್ಷೆ. ಬೆಳಗಿನ ಹೊತ್ತು ಇಮ್ತಿಯಾಜ್ ಲೀಡರ್, ಊಟದಿಂದ ಮುಂದಕ್ಕೆ ನಾನು. ಪ್ರವಾಸಿಗರಾಗಿ ಕೂತವರು ಕಾಠ್ಮಂಡುವಿನ ಬ್ಯಾಂಕೊಂದರ ನೌಕರರು. ಅವರಲ್ಲಿ ಒಬ್ಬ ಮೇಡಂಗೆ ಈಜು ಬಾರದು, ಲಿಪ್‌ಸ್ಟಿಕ್ ಮಾತ್ರ ಹೊಳೆಯಲ್ಲೂ ಅಳಿಸಲಿಲ್ಲ. ಜೊತೆಗೆ ಕಾಯಕ್ಕಿನಲ್ಲಿ, ಎಂದರೆ ಒಬ್ಬರೇ ಕೂರುವ ಸಣ್ಣ ದೋಣಿಯಲ್ಲಿ, ರಕ್ಷಣೆಗೆಂದು ಒಬ್ಬ. ಸರ್ ನಮ್ಮ ರಾಫ್ಟಿನಲ್ಲೇ ಮೂಲೆಯಲ್ಲಿ ಕೂತಿದ್ದರು.

ಇಮ್ತಿಯಾಜ್ ಚೆನ್ನಾಗಿ ನಡೆಸಿದ. ಊಟಕ್ಕೆ ಮರಳ ದಂಡೆ ಬಂತು. ಇಲ್ಲಿಂದ ನಿನ್ನದು ಎಂದರು ಸರ್. ನಾನು ಜನರನ್ನು ಇಳಿಸಿ, ಎಣಿಸಿ, ರಾಫ್ಟನ್ನು ಅರ್ಧಕ್ಕೆ ಮರಳಿನ ಮೇಲೆ ಎಳೆಸಿ ಊಟಕ್ಕೆ ಕೂತೆ.

ಇಲ್ಲಿ ನಮ್ಮ ಕಾಳಿಯ ಸ್ವಭಾವ ಹೇಳಬೇಕು. ನಾವು ದೋಣಿ ಬಿಡುವ ಕಡೆ ಹೊಳೆ ತನ್ನಿಷ್ಟಕ್ಕೆ ಹರಿಯುವುದಿಲ್ಲ. ಮೇಲೆ ಸೂಪಾ ಅಣೆಕಟ್ಟು, ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಹೊಳೆ ಬರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಮುಂಜಾನೆ ನೀರು ಹಿಡಿದು ಹೊರಟರೆ ಊಟದ ಹೊತ್ತಿಗೆ ಅದು ಇಳಿಮುಖ. ಆದ್ದರಿಂದ ನಮ್ಮಲ್ಲಿ ಯಾರೂ ರಾಫ್ಟ್ ಕಟ್ಟುವುದಿಲ್ಲ. ಅರ್ಧಕ್ಕೆ ಎಳೆದು ಬಿಟ್ಟರೆ, ಉಂಡು ಬರುವಷ್ಟರಲ್ಲಿ ಪೂರಾ ಒಣ ನೆಲದ ಮೇಲಿರುತ್ತದೆ. ದಾಯಿ ಒಬ್ಬರೇ ಹಗ್ಗ ಹಿಡಿದು ದಡದ ಮೇಲಿನ ಮತ್ತಿ ಮರದ ತನಕ ಕುಂಟುತ್ತ ಹೋಗಿ ಕಟ್ಟುತ್ತಿದ್ದರು. ನಾವೆಲ್ಲ ಅನ್ನ ಕಲಸುತ್ತ ನಗುತ್ತಿದ್ದೆವು. "ದಾಯಿ, ನಮ್ಮ ಹೊಳಿಗೆ ಸ್ವಿಚ್ ಐತಿ. ಓಡಿ ಎಲ್ಲಿ ಹೋಗ್ತೈತಿ?" ಎಂಬುದು ನಮ್ಮ ನಿತ್ಯದ ಮಾತು.

ತ್ರಿಶೂಲಿಗೆ ಸ್ವಿಚ್ ಇದ್ದಂತೆ ಕಾಣಲಿಲ್ಲ. ಬೆಳಗಿನ ಬಿಸಿಲಿಗೆ ಮೇಲೆಲ್ಲೋ ಕರಗಿದ ಹಿಮ ಮಧ್ಯಾಹ್ನದ ಮೇಲೆ ಕೆಳಗೆ ಬರುತ್ತದೆ. ಅಲ್ಲಿ ಹೊಳೆ ಏರುವ ಹೊತ್ತೇ ಅದು. ನಾನು ಆಲೂಗಡ್ಡೆ ಪಲ್ಯ ಬಡಿಸಿಕೊಳ್ಳುತ್ತಿದ್ದೆ. ಲಿಪ್‌ಸ್ಟಿಕ್ ಮೇಡಂ ಮೆಲ್ಲಗೆ, "ದೀದಿ, ನಮ್ಮ ದೋಣಿ ಹೋಗುತ್ತಿದೆಯಲ್ಲ, ಅದು ಹೋಗಬೇಕೇ?" ಎಂದರು.

ತಿರುಗಿ ನೋಡಿದರೆ ರಾಫ್ಟು ಯಾರ ಹಂಗೂ ಇಲ್ಲದೆ, ಮೂತಿ ತಿರುಗಿಸಿಕೊಂಡು ನಡುನೀರಿಗೆ ಹೊರಟಿತ್ತು. ಇಮ್ತಿಯಾಜ್ ತಟ್ಟೆ ಎಸೆದು ಓಡಿದ. ಜಾಕೆಟ್ ಬಿಚ್ಚಿಟ್ಟಿದ್ದ, ಹೆಲ್ಮೆಟ್ಟೂ ಇರಲಿಲ್ಲ. ಒಳ್ಳೆಯ ಈಜುಗಾರ, ನಾಲ್ಕು ಕೈ ಹೊಡೆದರೆ ಸಿಗುವಷ್ಟೇ ದೂರ. ಅವನು ಹಿಡಿದು ತಂದಿದ್ದರೆ ನನ್ನ ಮಾನವೂ ಸರ್ಟಿಫಿಕೇಟೂ ಉಳಿಯುತ್ತಿತ್ತೋ ಏನೋ, ಆ ಕ್ಷಣದಲ್ಲಿ ನನಗೆ ಅದೂ ಹೊಳೆಯಿತು. ಆದರೆ ತಿರುವಿನಾಚೆ ನೀರು ಮೊರೆಯುತ್ತಿತ್ತು, ಅಲ್ಲಿ ಏನಿದೆಯೆಂದು ನಾನು ನೋಡಿರಲಿಲ್ಲ.

"ಬ್ಯಾಡೋ! ನಿಂದ್ರ ಅಲ್ಲೇ!" ಎಂದು ಕಿರುಚಿದೆ. ಓದಿದ ಇಂಗ್ಲಿಷ್ ಒಂದೂ ನಾಲಿಗೆಗೆ ಬರಲಿಲ್ಲ. ಅವನು ಮೊಣಕಾಲು ನೀರಿನಲ್ಲಿ ನಿಂತುಬಿಟ್ಟ. ತಿರುಗಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಕಾಯಕ್ಕಿನವನಿಗೆ ರಾಫ್ಟಿನ ಹಿಂದೆ ಹೋಗಲು ಹೇಳಿದೆ. ಅವನು ಬಾಯಿ ಒರೆಸಿಕೊಳ್ಳುತ್ತ ಹೋದ. ಸರ್ ಮಾತ್ರ ಕೂತಲ್ಲೇ ಕೂತು ಉಪ್ಪಿನಕಾಯಿ ನೆಕ್ಕುತ್ತಿದ್ದರು.

ಹೆದ್ದಾರಿ

ರಾಫ್ಟು ಎರಡು ತಿರುವು ಕೆಳಗೆ ಸಿಕ್ಕಿದೆಯೆಂದು ಸುದ್ದಿ ಬಂತು. ಅಲ್ಲಿಯ ತನಕ ನಡೆಯಬೇಕು. ದಡ ಹತ್ತಿದರೆ ಹೆದ್ದಾರಿ. ಬ್ಯಾಂಕಿನವರೆಲ್ಲ ಹೆಲ್ಮೆಟ್ ಹಾಕಿಕೊಂಡು, ಒಬ್ಬೊಬ್ಬರು ಒಂದೊಂದು ಹುಟ್ಟು ಹಿಡಿದು, ಟಾರು ರಸ್ತೆಯ ಮೇಲೆ ಸಾಲಾಗಿ ಹೊರಟರು. ಲಾರಿಯವರು ಹಾರ್ನ್ ಹೊಡೆದರು. ಬಸ್ಸಿನವರು ಕಿಟಕಿಯಿಂದ ತಲೆ ಹೊರಹಾಕಿ, ಹೊಳೆ ಆ ಕಡೆ ಇದೆ ಎಂದು ಕೂಗಿದರು. ಎಲ್ಲರಿಗಿಂತ ಮುಂದೆ ನಾನು. ಕೆಲಸಕ್ಕೆ ಸೇರಿದಂದಿನಿಂದ ಹಿಂದೆ ಕೂತೇ ದೋಣಿ ನಡೆಸಿದವಳು, ಅಂದು ಮುಂದೆ ನಿಂತು ಜನರನ್ನು ಕರೆದೊಯ್ದೆ, ದೋಣಿಯಿಲ್ಲದೆ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ತಿರುವಿನಲ್ಲಿ ರಸ್ತೆಯಿಂದ ಹೊಳೆ ಕಂಡಿತು. ನಡುವೆ ಎಮ್ಮೆಯಷ್ಟು ದಪ್ಪದ ಬಂಡೆ, ನೀರೆಲ್ಲ ಅದರ ಅಡಿಗೆ ನುಗ್ಗುತ್ತಿತ್ತು. ಇಮ್ತಿಯಾಜ್ ನಿಂತು ನೋಡಿ, ಹುಟ್ಟನ್ನು ಹೆಗಲಿಗೇರಿಸಿಕೊಂಡು ನಡೆದ.

ಸಂಜೆ ಸರ್ ಫಲಿತಾಂಶ ಹೇಳಿದರು. ಇಮ್ತಿಯಾಜ್ ಪಾಸು, ನಾನು ಫೇಲು. ನಾನು ದೋಣಿ ಕಟ್ಟದಿದ್ದುದನ್ನು ನೀವು ನೋಡಿದ್ದಿರಾ ಎಂದು ಕೇಳಿದೆ. ಇಳಿದಾಗಲೇ ನೋಡಿದೆ ಎಂದರು. ಹುಡುಗನನ್ನು ನೀರಿಗೆ ಬಿಡಲಿಲ್ಲವಲ್ಲ, ಅದಕ್ಕೇನಾದರೂ ಅಂಕ ಇದೆಯೇ ಎಂದೆ, ನಾಚಿಕೆ ಬಿಟ್ಟು.

"ಅದಕ್ಕೆ ಅಂಕ ಇಲ್ಲ. ಅದು ಕೆಲಸ. ಮಳೆಗಾಲ ಮುಗಿದ ಮೇಲೆ ಬಾ" ಎಂದರು.

ದಾಯಿಯ ಮನೆ

ಮರುದಿನ ದಾಯಿಯ ಊರಿಗೆ ಹೋದೆವು. ದಾರಿಯುದ್ದಕ್ಕೂ ಇಮ್ತಿಯಾಜನನ್ನು ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ? ನಾನೇ ಹುಟ್ಟು ಹಿಡಿಯಲು ಕಲಿಸಿದವನು ಇನ್ನು ನನಗೆ ಹೇಳುವವನು.

ದಾಯಿ ಅಂಗಳದಲ್ಲಿ ಮೇಕೆಗೆ ಸೊಪ್ಪು ಕಟ್ಟುತ್ತಿದ್ದರು. ನಮ್ಮನ್ನು ಕಂಡು, "ಏ ಜೂಲಿ! ಬರ್ರಿ ಬರ್ರಿ, ಕುಂದರ್ರಿ!" ಎಂದರು. ನಮ್ಮ ಕನ್ನಡ ಅವರ ಬಾಯಲ್ಲಿ ಹಾಗೇ ಉಳಿದಿತ್ತು. ಬೆಲ್ಲ ಕೊಟ್ಟೆ, ಮುರಿದು ಬಾಯಿಗೆ ಹಾಕಿಕೊಂಡರು. ಪರೀಕ್ಷೆಯ ಸುದ್ದಿ ಕೇಳಿದರು. ಹೇಳಿದೆ. ನಡುವೆಯೇ ನಗಲು ಶುರು ಮಾಡಿದರು, ಬೆಲ್ಲ ನೆತ್ತಿಗೇರಿ ಕೆಮ್ಮು ಬಂತು, ನಮಗೆ ಅನ್ನ ಬಡಿಸುತ್ತಿದ್ದ ಅವರ ಹೆಂಡತಿ ಬಂದು ಬೆನ್ನು ತಟ್ಟಬೇಕಾಯಿತು.

"ಕಟ್ಟಲಿಲ್ಲ? ತ್ರಿಶೂಲೀದಾಗ ಕಟ್ಟಲಿಲ್ಲ?"

"ನೀವರ ಬಡಿದು ಕಲಿಸಬೇಕಿತ್ತಿಲ್ಲೋ ದಾಯಿ. ನಾವು ನಕ್ಕಾಗ ಸುಮ್ನ ಯಾಕ ಇದ್ರಿ?" ಎಂದು ನಾನೇ ಅವರ ಮೇಲೆ ಹೋದೆ.

ಅವರು ಕಣ್ಣೊರೆಸಿಕೊಂಡು ತಮ್ಮದನ್ನು ಹೇಳಿದರು. ಕಾಳಿಗೆ ಬಂದ ಹೊಸತು. ನಮ್ಮ ಯಾರ ಪರಿಚಯವೂ ಆಗಿರಲಿಲ್ಲ. ಊಟಕ್ಕೆ ನಿಂತಾಗ ರಾಫ್ಟನ್ನು ನೀರಿನಲ್ಲೇ ಬಿಟ್ಟು, ಏರಿದರೂ ಹೋಗಬಾರದೆಂದು ದಡದ ಮೇಲಿನ ಮರಕ್ಕೆ ಗಿಡ್ಡ ಹಗ್ಗದಲ್ಲಿ ಬಿಗಿದು ಕಟ್ಟಿದರಂತೆ. ನೀರು ಇಳಿಯಿತು. ಉಂಡು ಬಂದು ನೋಡಿದರೆ ಹೊಳೆ ಕೆಳಗೆ, ರಾಫ್ಟು ದಡದ ಬಂಡೆಗೆ ಆತು ಮರದಿಂದ ನೇತಾಡುತ್ತಿದೆ. ಗಂಟು ಬಿಗಿದು ಬಿಚ್ಚಲಾಗದೆ ಹಗ್ಗ ಕತ್ತರಿಸಬೇಕಾಯಿತು. ದಾಂಡೇಲಿಯವರು ನೋಡಲಿಕ್ಕೆಂದೇ ಬಂದರಂತೆ.

"ಅವತ್ತು ಎಲ್ಲಾರೂ ನಕ್ರು. ಆಮ್ಯಾಲೆ ನಾ ಹೇಳಿದ್ದು ಯಾರು ಕೇಳ್ತಾರ? ನಂಗೂ ನಗು ಬಂದಿತ್ತವ್ವಾ" ಎಂದರು. ನಾನೂ ನಕ್ಕೆ. ಇಮ್ತಿಯಾಜನೂ ನಕ್ಕ, ನಿನ್ನೆಯಿಂದ ಮೊದಲ ಸಲ. ನಗು ನಿಂತ ಮೇಲೆ ತಟ್ಟೆ ನೋಡುತ್ತ ಅವನು, "ಆ ಕಲ್ಲು ನೋಡಿದ್ನಿ ಅಕ್ಕಾ" ಎಂದ. ಅಷ್ಟೇ ಹೇಳಿದ. ದಾಯಿಯ ಹೆಂಡತಿ ಮತ್ತೆ ಅನ್ನ ತಂದು, ನಮ್ಮ ಕೈಗಳ ಪಕ್ಕದಿಂದ ಹಾಕಿದರು.

ಗಣೇಶಗುಡಿ

ಊರಿಗೆ ಬಂದ ಮೇಲೆ ಇಮ್ತಿಯಾಜ್ ಟ್ರಿಪ್ ಲೀಡರ್ ಆದ. ಗಣೇಶಗುಡಿಯ ನಮ್ಮ ಕ್ಯಾಂಪಿನಲ್ಲಿ ಪೇಢೆ ಹಂಚಿದರು. ನನಗೆ ಎರಡು ಕೊಟ್ಟರು, ಸಮಾಧಾನಕ್ಕೆ ಇರಬೇಕು.

ಮೊದಲ ದಿನದ ಟ್ರಿಪ್ಪಿನಲ್ಲಿ ನನ್ನದು ಹಿಂದಿನ ದೋಣಿ. ಊಟಕ್ಕೆ ಹಳೆಯ ಜಾಗದಲ್ಲೇ ನಿಂತೆವು. ಉಳಿದವರು ದೋಣಿಗಳನ್ನು ಅರ್ಧಕ್ಕೆ ಎಳೆದು ಡಬ್ಬಿ ಬಿಚ್ಚಿದರು. ನಾನು ಹಗ್ಗ ತೆಗೆದುಕೊಂಡು ಆ ಮತ್ತಿ ಮರದ ಕಡೆ ಹತ್ತಿದೆ.

"ಅಕ್ಕಾ, ಎಲ್ಲಿಗೆ ಹೊಂಟೀರಿ? ನಮ್ಮ ಹೊಳಿಗೆ ಸ್ವಿಚ್ ಐತ್ರೀ!" ಎಂದು ಒಬ್ಬ ಗೈಡು ಕೂಗಿದ. ಎಲ್ಲರೂ ನಕ್ಕರು. ಆ ಮಾತನ್ನು ಅವನಿಗೆ ಕಲಿಸಿದವಳು ನಾನೇ. ಮರದ ತೊಗಟೆಯಲ್ಲಿ ದಾಯಿಯ ಹಗ್ಗ ಉಜ್ಜಿದ ಗುರುತು ಇನ್ನೂ ಇತ್ತು. ಅದರ ಮೇಲೇ ಹಗ್ಗ ಸುತ್ತಿ ಗಂಟು ಹಾಕತೊಡಗಿದೆ.

ಇಮ್ತಿಯಾಜ್ ನಗಲಿಲ್ಲ. ಡಬ್ಬಿ ಕೆಳಗಿಟ್ಟು ಎದ್ದು ನಿಂತ. ನೀರು ನೋಡಿದ, ಮರ ನೋಡಿದ. ಆಮೇಲೆ ಎಲ್ಲರಿಗೂ ಕೇಳುವಂತೆ, ಲೀಡರಿನ ದನಿಯಲ್ಲಿ, ನನಗೆ ಮೊದಲ ಸಲ ಅಪ್ಪಣೆ ಕೊಟ್ಟ.

"ಹಗ್ಗ ಉದ್ದ ಬಿಡಕ್ಕಾ. ನೀರು ಇಳೀತೈತಿ."

ನಾನು ಹಾಕಿದ ಗಂಟು ಬಿಚ್ಚಿ, ಹಗ್ಗ ಉದ್ದ ಬಿಟ್ಟು, ಮತ್ತೆ ಕಟ್ಟಿದೆ.